ಮಹಾಬಳೇಶ್ವರದಲ್ಲೊಂದು ಮುರಕಲ್ಲು

ಪುಣೆಗೆ ಬಂದು ಇಪ್ಪತ್ತೆಂಟು ವರ್ಷ. ಆದರೂ ಮಹಾಬಳೇಶ್ವರದಲ್ಲಿ ರಸ್ತೆ ಪಕ್ಕ ತೂತು ತೂತಿನ ಕೆಂಪು ಕಲ್ಲು ಕಂಡರೆ ಉಡುಪಿ ಕಡೆಯ ನಮ್ಮ ಹಳೇ ಮನೆಯ ಗೋಡೆ ನೆನಪಾಗುತ್ತದೆ. ಅದೇ ಮುರಕಲ್ಲು! ಘಾಟಿ ಇಳಿದು ಸಾತಾರದ ಬಯಲಿಗೆ ಬಂದರೆ ಕಪ್ಪು ಎರೆಮಣ್ಣು. ಮೇಲೊಂದು ಬಣ್ಣ, ಕೆಳಗೊಂದು ಬಣ್ಣ, ಯಾಕೆ?

ಕತೆ ಹಳೆಯದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಮಲಬಾರಿನ ಅಂಗಾಡಿಪುರಂನಲ್ಲಿ ಜನ ನೆಲದಿಂದ ಮೆತ್ತಗಿನ ಕಲ್ಲು ಕಡಿದು ತೆಗೆಯುತ್ತಿದ್ದರು. ಗಾಳಿಗಿಟ್ಟರೆ ಅದು ಇಟ್ಟಿಗೆಯಂತೆ ಗಟ್ಟಿ! 1807ರ ತನ್ನ ಪುಸ್ತಕದಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ನಮ್ಮವರು ಅದರಲ್ಲಿ ಮನೆ ಕಟ್ಟಿಕೊಂಡು ಎಷ್ಟೋ ಕಾಲವಾಗಿತ್ತು ಬಿಡಿ.

ಹೆಸರು ಬಂತು, ಬಣ್ಣ ಬದಲಾಗುವ ಗುಟ್ಟು? ಅದಕ್ಕೆ ದಾರಿ ತೋರಿಸಿದವನು ರಷ್ಯಾದ ವಾಸಿಲಿ ಡೊಕುಚಾಯೆವ್. ಮಣ್ಣೆಂದರೆ ಬರೀ ಕಲ್ಲಿನ ಪುಡಿಯಲ್ಲ. ಕಲ್ಲು, ಹವೆ, ಗಿಡ ಮತ್ತು ಜೀವಿಗಳು, ನೆಲದ ಇಳಿಜಾರು, ಕಾಲ ಎಲ್ಲ ಸೇರಿ ಮಣ್ಣಾಗುತ್ತದೆ ಎಂದ. 1898-99ರ ಹೊತ್ತಿಗೆ ಕಾಕಸಸ್ ಬೆಟ್ಟ ಹತ್ತಿ, ಎತ್ತರ ಹೆಚ್ಚಿದಂತೆ ಮಣ್ಣೂ ಪಟ್ಟಿ ಪಟ್ಟಿಯಾಗಿ ಬದಲಾಗುವುದನ್ನು ಕಂಡ.

ನಮ್ಮ ಸಹ್ಯಾದ್ರಿಗೆ ಇದನ್ನು ಹೊಂದಿಸಿ ನೋಡಿ. ಇಲ್ಲಿ ತಳದ ಕಲ್ಲು ಒಂದೇ, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ವಿಪರೀತ ಮಳೆ ಬಿದ್ದಲ್ಲಿ ಸುಣ್ಣ, ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ, ಅದೇ ಕೆಂಪು. ಮಳೆ ಕಮ್ಮಿಯಾದಲ್ಲಿ ಸುಣ್ಣ ಉಳಿದು ಜಿಗುಟು ಎರೆಮಣ್ಣಾಗುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಮಣ್ಣು. ಆದರೆ ಮಹಾಬಳೇಶ್ವರದ ಗಟ್ಟಿ ಕಲ್ಲು ಈಗಿನ ಮಳೆಯ ಕೆಲಸವಲ್ಲ, ಕೋಟ್ಯಂತರ ವರ್ಷ ಹಿಂದಿನದು. ಇನ್ನು ನೀಲಗಿರಿಯ 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಕಡೆ ಹೋದರೆ ಬೇರೆಯೇ ಲೆಕ್ಕ. ಚಳಿಗೆ ಎಲೆ, ಬೇರು ಬೇಗ ಕೊಳೆಯುವುದಿಲ್ಲ. ಅದಕ್ಕೇ ಶೋಲಾ ಕಾಡಿನ ನೆಲ ಕಪ್ಪು. ಆ ಕಪ್ಪು ಬೇರೆ, ಎರೆಯ ಕಪ್ಪು ಬೇರೆ.

ಇಂಥ ಮಣ್ಣು ಒಂದು ಅಂಗುಲ ಕೂಡಲು ನೂರಾರು ವರ್ಷ ಬೇಕು, ಕೊಚ್ಚಿಹೋಗಲು ಒಂದೇ ಮಳೆಗಾಲ ಸಾಕು. ಘಾಟಿಯಲ್ಲಿ ಜೆಸಿಬಿ ಗುಡ್ಡ ಕೊರೆಯುವುದು ಕಂಡಾಗ ಇದೇ ಲೆಕ್ಕ ತಲೆಯಲ್ಲಿ ಓಡುತ್ತದೆ.

ಹೋದ ವರ್ಷ ತಮ್ಮ ಊರ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದ. ಹಳೇ ಗೋಡೆಯ ಒಂದು ಮುರಕಲ್ಲು ಕೇಳಿ ತಂದೆ. ಈಗ ನಮ್ಮ ಬಾಲ್ಕನಿಯ ತುಳಸಿ ಕುಂಡ ಅದರ ಮೇಲೆ ಕೂತಿದೆ. ಕುಂಡದೊಳಗಿನದು ಮಾತ್ರ ಇಲ್ಲಿಯ ಕಪ್ಪು ಮಣ್ಣು. ತುಳಸಿ ಚೆನ್ನಾಗಿಯೇ ಬಂದಿದೆ.