ಪದ ಪರಿಚಯ: ಬಿದ್ರಿ

ಬನಾರಸದ ಸೀರೆ ಬನಾರಸಿಯಾದಂತೆ ಬೀದರಿನ ಲೋಹದ ಕೆಲಸ ‘ಬಿದ್ರಿ’ ಆಯಿತು. ಊರ ಹೆಸರಿಗೆ ಪಾರಸಿ-ಉರ್ದುವಿನ ‘ಈ’ ಪ್ರತ್ಯಯ ಸೇರಿ ಹುಟ್ಟಿದ ಪದ ಇದು. ಕನ್ನಡದಲ್ಲಿ ‘ಬಿದರಿ’ ಎಂದೂ ಬರೆಯುತ್ತಾರೆ. ಊರ ಹೆಸರನ್ನು ಕೆಲವರು ಬಿದಿರಿಗೆ, ಕೆಲವರು ವಿದುರನಿಗೆ ಜೋಡಿಸುತ್ತಾರೆ. ಬಿದಿರೇ ನನಗೆ ಹೆಚ್ಚು ಒಪ್ಪಿಗೆ.

ಬೀದರ ಜಿಲ್ಲೆಯ ಔರಾದ, ಭಾಲ್ಕಿಯ ಕಡೆಯವರಿಗೆ ಬಿದ್ರಿ ಎಂದರೆ ಹೂದಾನಿ, ಹುಕ್ಕಾ, ಪೆಟ್ಟಿಗೆ. ಕಸುಬುದಾರರಿಗೆ ಅದು ಕಪ್ಪಿನ ವಿದ್ಯೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಮೇಲೆ ಮೈಲುತುತ್ತದ ನೀರು ಬಳಿಯುತ್ತಾರೆ. ಮೈ ಕೂಡಲೇ ಕಪ್ಪಾಗಿ, ಚಾಣದಿಂದ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಈ ಕಪ್ಪು ತಾತ್ಕಾಲಿಕ. ಗೆರೆಗಳಲ್ಲಿ ಬೆಳ್ಳಿ ಕೂರಿಸಿ ಉಜ್ಜಿದಾಗ ಅದು ಹೋಗಿ, ಬೆಳ್ಳಿಗೂ ಲೋಹಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಆಗ ಬೀದರ ಕೋಟೆಯ ಹಳೆ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿದರೆ ಕಪ್ಪು ಇನ್ನೂ ಗಾಢ.

ಯುದ್ಧದಾಟದ ಪುಟ್ಟ ಸೈನಿಕರ ಗೊಂಬೆಗಳಿಗೆ ಬಣ್ಣ ಹಾಕುವ ಹವ್ಯಾಸಿಗಳೂ ತೆಳುವಾದ ಕಪ್ಪು ಬಣ್ಣ ಬಳಿಯುತ್ತಾರೆ. ಅದು ತಗ್ಗುಗಳಲ್ಲಿ ನಿಂತು ಉಬ್ಬುಗಳನ್ನು ಎತ್ತಿ ತೋರಿಸುತ್ತದೆ. ಬಿದ್ರಿಯಲ್ಲಿ ತಗ್ಗು-ಉಬ್ಬಿನ ಹಂಗಿಲ್ಲ. ಕಪ್ಪು ಎಲ್ಲಿ ನಿಲ್ಲಬೇಕೆಂಬುದನ್ನು ಲೋಹವೇ ನಿರ್ಧರಿಸುತ್ತದೆ.

2023ರಲ್ಲಿ ಬೀದರಿನ ಬಿದ್ರಿ ಕಸುಬುದಾರ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಬೀದರಿಗೆ ಹೋದವರು ಅಂಗಡಿಯಿಂದಲೇ ಮರಳಬೇಡಿ, ಕಸುಬುದಾರರ ಮನೆಗೂ ಹೋಗಿ ಮಣ್ಣು ತಿಕ್ಕುವುದನ್ನು ನೋಡಿ ಬನ್ನಿ.