ಶಹಾಬಾದ ಕಲ್ಲಿನ ಉದ್ಯಮಸಮೂಹ: ಒಂದು ಚಾರಿತ್ರಿಕ ವಿವೇಚನೆ

೧

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳನ್ನು ಒಂದೇ ಆರ್ಥಿಕ ಪ್ರದೇಶವೆಂದು ಭಾವಿಸಲು ಮುಖ್ಯ ಆಧಾರವು ಅಲ್ಲಿಯ ನೆಲದಡಿಯ ಕಲ್ಲೇ ಆಗಿದೆ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಪ್ರಾಚೀನ ಜಲಜ ಶಿಲೆಗಳಲ್ಲಿ ಶಹಾಬಾದ ಸುಣ್ಣಕಲ್ಲು ಪ್ರಧಾನವಾದುದು. ಉತ್ತರದಲ್ಲಿ ದಖ್ಖನ್ನಿನ ಕಪ್ಪುಶಿಲೆ ಇದನ್ನು ಮುಚ್ಚಿರುವುದರಿಂದ, ಚಿಂಚೋಳಿ ತಾಲ್ಲೂಕಿನ ದಕ್ಷಿಣಭಾಗದಲ್ಲಿ ಮಾತ್ರ ಇದು ಹೊರಗೆ ಕಾಣಿಸಿಕೊಳ್ಳುತ್ತದೆ. ಈ ಕಲ್ಲು ಮಟ್ಟಸವಾದ ಪದರಗಳಲ್ಲಿ ಕುಳಿತಿರುವುದು ಅದರ ವೈಶಿಷ್ಟ್ಯ. ಹಾರೆ, ಉಳಿ, ಸುತ್ತಿಗೆಗಳಿಂದಲೇ ಅದನ್ನು ಚಪ್ಪಡಿಯಾಗಿ ಎಬ್ಬಿಸಬಹುದು. ಪುಡಿಮಾಡಿ ಸುಟ್ಟರೆ ಅದೇ ಸಿಮೆಂಟಿಗೆ ಮೂಲವಸ್ತು. ಒಂದೇ ಶಿಲೆಯಿಂದ ಎರಡು ಉದ್ಯಮಗಳು ಹುಟ್ಟಿದುದು ಹೇಗೆ, ಅವುಗಳಲ್ಲಿ ಒಂದು ಬೃಹತ್ತಾಗಿ ಬೆಳೆದು ಇನ್ನೊಂದು ಬಿಡಿಬಿಡಿಯಾಗಿ ಉಳಿದುದು ಏಕೆ ಎಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

೨

ಈ ಕಲ್ಲಿನ ಉಪಯೋಗ ಅತಿ ಪ್ರಾಚೀನ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ೧೯೯೦ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಿಂದ ಬೌದ್ಧ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಅಶೋಕನ ಹೆಸರನ್ನು ಕೆತ್ತಿದ ಅವನ ಉಬ್ಬುಶಿಲ್ಪವುಳ್ಳ ಫಲಕವೂ ಸೇರಿದಂತೆ, ಆ ಸ್ತೂಪದ ಹೊದಿಕೆಯ ಫಲಕಗಳು ಈ ಸೀಮೆಯ ಸುಣ್ಣಕಲ್ಲಿನವು. ಕಾಗಿಣಾ ನದಿಯ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದಲ್ಲಿ, ಎಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನಿಂತಿರುವ ಕೋಟೆಯ ಗೋಡೆಗಳೂ ಸ್ಥಳೀಯ ಶಿಲೆಯವೇ. ಈ ಭಾಗದ ಹಳ್ಳಿಗಳಲ್ಲಿ ಮನೆಯ ಗೋಡೆಗೂ ಮಾಳಿಗೆಗೂ ನೆಲಕ್ಕೂ ಈ ಪರಸಿಯನ್ನೇ ಬಳಸುತ್ತ ಬಂದಿದ್ದಾರೆ. ಆದರೆ ಎತ್ತಿನ ಬಂಡಿಯು ಹೊರಬಲ್ಲಷ್ಟು ದೂರವೇ ಈ ಕಲ್ಲಿನ ಪೇಟೆಯ ಎಲ್ಲೆಯಾಗಿದ್ದಿತು. ಆದ್ದರಿಂದ ಕಲ್ಲುಕೆಲಸವು ಕಸುಬಾಗಿ ಉಳಿಯಿತೇ ಹೊರತು ಉದ್ಯಮವಾಗಲಿಲ್ಲ.

೩

ಈ ಎಲ್ಲೆಯನ್ನು ಅಳಿಸಿದುದು ಉಗಿಬಂಡಿ. ಮುಂಬಯಿಯಿಂದ ಆಗ್ನೇಯಕ್ಕೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಕಲಬುರಗಿ, ಶಹಾಬಾದ, ವಾಡಿಗಳನ್ನು ಹಾಯ್ದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ೧೮೭೪ರಲ್ಲಿ ನಿಜಾಮರ ರೈಲುಮಾರ್ಗವು ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮೂಲಕ ಹೈದರಾಬಾದಿಗೆ ಹೋಯಿತು. ಸುಣ್ಣಕಲ್ಲಿನ ಹಾಸಿನ ಮೇಲೆಯೇ ಹಾದುಹೋದ ಈ ಎರಡು ಮಾರ್ಗಗಳು ವಾಡಿಯನ್ನು ಕೂಡುನಿಲ್ದಾಣವಾಗಿ ಮಾಡಿದುವು. ಭಾರವಾದ ಸರಕಿಗೆ ದೂರದ ಪೇಟೆ ದೊರೆಯಿತು. ಕಲ್ಲಿಗೆ ಶಹಾಬಾದ ನಿಲ್ದಾಣದ ಹೆಸರೇ ಅಂಟಿಕೊಂಡು, ಪಶ್ಚಿಮ ಮತ್ತು ದಕ್ಷಿಣ ಭಾರತದ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಅದು ಮನೆಮಾತಾಯಿತು. ಚಿಂಚೋಳಿಗೆ ಮಾತ್ರ ರೈಲು ಬರಲಿಲ್ಲ. ಅಲ್ಲಿಯ ಕಲ್ಲು ಅಂದಿಗೂ ಇಂದಿಗೂ ರಸ್ತೆಯನ್ನೇ ಅವಲಂಬಿಸಿದೆ.

೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಲಬುರಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೂ ತಾಂಡೂರು ಆಂಧ್ರಪ್ರದೇಶಕ್ಕೂ ಸೇರಿದುವು. ೨೦೧೪ರಿಂದ ತಾಂಡೂರು ತೆಲಂಗಾಣದಲ್ಲಿದೆ. ಹೀಗೆ ಒಂದೇ ಶಿಲಾಪ್ರದೇಶದ ಸರಕು ಎರಡು ಆಡಳಿತಗಳ ಅಡಿಯಲ್ಲಿ, ಶಹಾಬಾದ ಕಲ್ಲು ಮತ್ತು ತಾಂಡೂರು ಕಲ್ಲು ಎಂಬ ಎರಡು ಹೆಸರುಗಳಿಂದ ಮಾರಾಟವಾಗುತ್ತಿದೆ.

ರೈಲಿನ ಬೆನ್ನಿಗೇ ಸಿಮೆಂಟೂ ಬಂದಿತು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, ೧೯೨೦ರ ದಶಕದಲ್ಲಿ, ಶಹಾಬಾದಿನಲ್ಲಿ ಕಾರ್ಖಾನೆ ಸ್ಥಾಪಿತವಾಯಿತು. ೧೯೩೬ರಲ್ಲಿ ಹಲವು ಸಿಮೆಂಟ್ ಸಂಸ್ಥೆಗಳು ಒಂದುಗೂಡಿ ಎ.ಸಿ.ಸಿ. ಸಂಸ್ಥೆಯಾದಾಗ ಶಹಾಬಾದಿನ ಸಂಸ್ಥೆಯೂ ಅದರಲ್ಲಿ ಸೇರಿತು. ೧೯೬೮ರಲ್ಲಿ ವಾಡಿಯ ಕಾರ್ಖಾನೆಯೂ ೧೯೮೦ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳ ಕಾರ್ಖಾನೆಗಳೂ ಕೆಲಸವನ್ನಾರಂಭಿಸಿದುವು.

೪

ಇಲ್ಲಿಂದ ಮುಂದೆ ಎರಡು ಉದ್ಯಮಗಳ ದಾರಿ ಬೇರೆಬೇರೆ. ಸಿಮೆಂಟ್ ಕಾರ್ಖಾನೆಯು ಗಣಿ, ವಿದ್ಯುತ್ತು, ಪ್ರಯೋಗಶಾಲೆ ಮತ್ತು ಸ್ವಂತ ರೈಲುಹಳಿಗಳನ್ನು ಒಂದೇ ಒಡೆತನದಲ್ಲಿ ಕೂಡಿಸಿಕೊಂಡಿತು. ಪರಸಿಯ ಉದ್ಯಮವಾದರೋ ಅನೇಕರ ಕೈಗಳಲ್ಲಿ ಹಂಚಿಹೋಗಿದೆ. ಗಣಿಯನ್ನು ಗುತ್ತಿಗೆ ಹಿಡಿದವನು ಒಬ್ಬ. ಮೇಲಿನ ಕರಿಮಣ್ಣನ್ನು ತೆಗೆದು ಚಪ್ಪಡಿ ಎಬ್ಬಿಸುವವರು ಬೇರೆ. ಅಂಚು ಕತ್ತರಿಸಿ ನೀರು ಬಿಡುತ್ತ ಯಂತ್ರದಿಂದ ಪಾಲಿಶ್ ಮಾಡುವ ಸಣ್ಣ ಘಟಕ ಮತ್ತೊಬ್ಬನದು. ಲಾರಿ, ದಲಾಲಿ, ಮುಂಗಡಹಣ ಇನ್ನೊಬ್ಬನವು.

ಇಂಥ ವ್ಯವಸ್ಥೆಯು ಅವ್ಯವಸ್ಥೆಯೆಂದು ತಿಳಿಯತಕ್ಕದ್ದಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ಲನು ೧೮೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಒಂದೇ ಕಸುಬಿನ ಸಣ್ಣ ಉದ್ಯಮಿಗಳು ಒಂದೆಡೆ ನೆಲಸಿದರೆ ನುರಿತ ಕೆಲಸಗಾರರೂ ಪೂರಕ ಕಸುಬುಗಳೂ ಅಲ್ಲಿ ತಾವಾಗಿ ನೆರೆಯುವುದನ್ನೂ ತಿಳಿವು ಒಬ್ಬರಿಂದೊಬ್ಬರಿಗೆ ಹರಡುವುದನ್ನೂ ವಿವರಿಸಿದ್ದಾನೆ. ಶಹಾಬಾದ ಸೀಮೆಯಲ್ಲಿಯೂ ಹಾಗೆಯೇ. ಯಾವ ಪದರ ಗಟ್ಟಿ, ಯಾವುದು ಸೀಳಿಕೊಳ್ಳುತ್ತದೆ, ಯಾವ ಬಣ್ಣಕ್ಕೆ ಎಲ್ಲಿ ಬೇಡಿಕೆ ಎಂಬುದು ಶಾಲೆಯಲ್ಲಿ ಕಲಿಸಿದ ವಿದ್ಯೆಯಲ್ಲ, ನೆರೆಯವರಿಂದ ಬಂದ ತಿಳಿವು. ಕೈಯ ಕೆಲಸವೇ ಪ್ರಧಾನವಾಗಿದ್ದಾಗ ಇಷ್ಟು ನೆರೆತನ ಸಾಕಾಗಿತ್ತು.

ಈಗ ಅದು ಸಾಲದು. ಕೋಟಾ ಕಲ್ಲು, ಗ್ರಾನೈಟು, ಅನಂತರ ಬಂದ ವಿಟ್ರಿಫೈಡ್ ಟೈಲುಗಳು ಶಹಾಬಾದ ಕಲ್ಲಿನ ಪೇಟೆಯನ್ನು ಆಕ್ರಮಿಸಿಕೊಂಡಿವೆ. ಟೈಲು ಸಮನಾದ ಅಳತೆಯಲ್ಲಿ, ಒಂದೇ ದಪ್ಪದಲ್ಲಿ ಬರುತ್ತದೆ. ಪರಸಿಯ ದಪ್ಪವು ಪದರದ ಇಚ್ಛೆಗೆ ಬಿಟ್ಟದ್ದು. ಈ ಕೊರತೆಯನ್ನು ನಿಖರವಾದ ಕೊಯ್ಯುವ ಯಂತ್ರದಿಂದ ನೀಗಬಹುದು. ಆದರೆ ಅಂಥ ಯಂತ್ರವನ್ನು ಒಬ್ಬ ಸಣ್ಣ ಘಟಕದವನು ಕೊಳ್ಳಲಾರ. ಕೊಂಡರೂ ಅದಕ್ಕೆ ವರ್ಷವಿಡೀ ಕೆಲಸ ಒದಗಿಸಲಾರ. ನೀರು ಹೀರುವ ಪ್ರಮಾಣವನ್ನೂ ಗಡಸುತನವನ್ನೂ ಪರೀಕ್ಷಿಸುವ ಪ್ರಯೋಗಶಾಲೆಯ ವಿಷಯವೂ ಇಷ್ಟೇ.

ಕಲ್ಲುರಾಡಿಯ ಪ್ರಶ್ನೆ ಇನ್ನೂ ಬೋಧಪ್ರದವಾದುದು. ಪಾಲಿಶ್ ಯಂತ್ರದಿಂದ ಹರಿಯುವ ರಾಡಿ ಒಣಗಿದರೆ ಧೂಳು, ಹರಿದರೆ ಹೊಲಕ್ಕೂ ಹಳ್ಳಕ್ಕೂ ಹಾನಿ. ವಸ್ತುತಃ ಅದು ಬಹುಪಾಲು ಸುಣ್ಣಕಲ್ಲಿನ ಹಿಟ್ಟೇ. ಒಂದು ಕಡೆ ಕೂಡಿಸಿ, ನೀರು ಬಸಿದು, ಗುಣವನ್ನು ಪರೀಕ್ಷಿಸಿದರೆ ಅದು ಇಟ್ಟಿಗೆಗೂ ನೆರೆಯ ಸಿಮೆಂಟ್ ಕಾರ್ಖಾನೆಗೂ ಉಪಯುಕ್ತವಾಗಬಲ್ಲುದು. ಬಸಿದ ನೀರನ್ನು ಮತ್ತೆ ಯಂತ್ರಕ್ಕೆ ಬಿಡಬಹುದು. ಒಬ್ಬೊಬ್ಬನ ಅಂಗಳದಲ್ಲಿ ಕಸವಾದುದು ಎಲ್ಲರದೂ ಕೂಡಿದಾಗ ಸರಕಾಗುತ್ತದೆ.

೫

ಈ ತತ್ತ್ವವನ್ನು ರಾಷ್ಟ್ರದ ನೀತಿಯೂ ತಡವಾಗಿಯಾದರೂ ಒಪ್ಪಿಕೊಂಡಿದೆ. ೧೯೯೭ರಲ್ಲಿ ಅಬಿದ್ ಹುಸೇನ್ ಸಮಿತಿಯು ಸಣ್ಣ ಕೈಗಾರಿಕೆಗಳಿಗೆ ಬಿಡಿಯಾಗಿ ನೆರವು ನೀಡುವುದಕ್ಕಿಂತ ಸಮೂಹಗಳಾಗಿ ಬೆಳೆಸುವುದು ಲೇಸೆಂದು ಸೂಚಿಸಿತು. ಅನಂತರದ ಕೇಂದ್ರಸರ್ಕಾರದ ಸಮೂಹಾಭಿವೃದ್ಧಿ ಯೋಜನೆಗಳಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರವೆಂಬ ಕಲ್ಪನೆ ಮುಖ್ಯಸ್ಥಾನ ಪಡೆಯಿತು. ಇದರಲ್ಲಿ ವೆಚ್ಚದ ಬಹುಭಾಗವನ್ನು ಸರ್ಕಾರ ವಹಿಸಿಕೊಂಡರೂ, ಘಟಕಗಳವರು ಒಕ್ಕೂಟವಾಗಿ ಸೇರಿ ತಮ್ಮ ಪಾಲು ತೊಡಗಿಸಿ ಕೇಂದ್ರವನ್ನು ನಡೆಸಬೇಕಾಗುತ್ತದೆ.

ಕಠಿನವಾದುದು ಈ ಒಕ್ಕೂಟವೇ. ಬೆಳಗಾದರೆ ದರದಲ್ಲಿ ಸ್ಪರ್ಧಿಸುವವರು ಸಂಜೆಗೆ ಒಂದೇ ಯಂತ್ರಕ್ಕೆ ಸರದಿ ನಿಲ್ಲಬೇಕು. ದೊಡ್ಡ ಘಟಕದವನು ಸರದಿಯನ್ನು ಕಬಳಿಸಿಯಾನೆಂಬ ಸಂಶಯ, ದುರಸ್ತಿಯ ವೆಚ್ಚ ಯಾರದೆಂಬ ಜಗಳ, ಇವುಗಳಿಗೆ ಯಂತ್ರದಲ್ಲಿ ಉತ್ತರವಿಲ್ಲ. ನಿಯಮಗಳಲ್ಲಿ ಮತ್ತು ತೆರೆದ ಲೆಕ್ಕದಲ್ಲಿ ಇದೆ. ಕನ್ನಡ ನಾಡಿಗೆ ಇದು ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದ ರೈತರು ೧೯೦೫ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿ ಸಾಲವನ್ನು ಸಾಮಾನ್ಯ ಹೊಣೆಯನ್ನಾಗಿ ಮಾಡಿಕೊಂಡರು. ಅಂದು ಸಾಲಕ್ಕೆ ಅನ್ವಯಿಸಿದ ವಿವೇಕವನ್ನು ಇಂದು ಯಂತ್ರಕ್ಕೆ ಅನ್ವಯಿಸಬೇಕಾಗಿದೆ.

ಶಿಲೆಯ ಪದರಗಳು ಈ ಐದು ಊರುಗಳನ್ನು ನೆರೆಯಾಗಿಸಿದುವು. ರೈಲು ಅವುಗಳಲ್ಲಿ ನಾಲ್ಕನ್ನು ಪೇಟೆಗೆ ಬೆಸೆಯಿತು. ಇವೆರಡೂ ಉದ್ಯಮಿಗಳ ಪ್ರಯತ್ನವಿಲ್ಲದೆ ಒದಗಿದುವು. ಮೂರನೆಯದಾದ ಸಮಾನ ತಂತ್ರಸೌಕರ್ಯವು ಹಾಗೆ ತಾನಾಗಿ ಒದಗತಕ್ಕದ್ದಲ್ಲ. ಅದನ್ನು ಅವರು ಕಟ್ಟಿಕೊಳ್ಳದಿದ್ದರೆ, ಕನಗನಹಳ್ಳಿಯ ಶಿಲ್ಪಿಯ ಕಾಲದಿಂದ ಚಪ್ಪಡಿಯಾಗಿ ಬಾಳಿದ ಕಲ್ಲು ಮುಂದೆ ಸಿಮೆಂಟಿನ ಪುಡಿಯಾಗಿ ಮಾತ್ರ ಬಾಳೀತು. ಅದರೊಡನೆ ಸಾವಿರಾರು ಕೈಗಳ ಕುಶಲತೆಯೂ ಅಳಿದೀತು.