ಕೋಲಾರ ಗಣಿಯ ನ್ಯೂಟ್ರಿನೋ ಪ್ರಯೋಗ

ಕರ್ನಾಟಕದ ಕೋಲಾರ ಚಿನ್ನದ ಗಣಿಗಳಲ್ಲಿ, ಭೂಮಿಯ ಮೇಲ್ಮೈಯಿಂದ ಸುಮಾರು 2.3 ಕಿಲೋಮೀಟರು ಆಳದಲ್ಲಿ, ವಾಯುಮಂಡಲಜನ್ಯ ನ್ಯೂಟ್ರಿನೋಗಳನ್ನು ಪತ್ತೆಹಚ್ಚಲು ನಡೆದ ಉಚ್ಚಶಕ್ತಿ ಕಣಭೌತ ಪ್ರಯೋಗ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಹಾಗೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ ನಡೆದ ಇದಕ್ಕೆ, ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲಿ ಅದೇ ಗಣಿಗಳಲ್ಲಿ ಆರಂಭಿಸಿದ ಮ್ಯೂಆನ್ ಮಾಪನಗಳು ಅಸ್ತಿವಾರವಾದುವು.

ವಿಶ್ವಕಿರಣಗಳು ವಾಯುಮಂಡಲವನ್ನು ಅಪ್ಪಳಿಸಿದಾಗ ಮ್ಯೂಆನುಗಳೂ ನ್ಯೂಟ್ರಿನೋಗಳೂ ಹುಟ್ಟುತ್ತವೆ. ಮೊದಲಿನವನ್ನು ಮೇಲಣ ಶಿಲಾಸ್ತರವು ಬಹುಮಟ್ಟಿಗೆ ಹೀರಿಕೊಳ್ಳುವುದರಿಂದಲೂ, ಪೃಥ್ವಿಯನ್ನೇ ಹಾದುಹೋಗಬಲ್ಲ ನ್ಯೂಟ್ರಿನೋಗಳಲ್ಲಿ ಅತಿ ವಿರಳವಾಗಿ ಒಂದು ಬಂಡೆಯೊಡನೆ ಪ್ರತಿಕ್ರಿಯಿಸಿ ಹೊಸ ಮ್ಯೂಆನನ್ನು ಹುಟ್ಟಿಸುವುದರಿಂದಲೂ, ಅಂತಹ ಆಳದಲ್ಲಿ ಅಡ್ಡಲಾಗಿ ಬರುವ ಮ್ಯೂಆನು ನ್ಯೂಟ್ರಿನೋವಿನ ನಿಶ್ಚಿತ ಕುರುಹೆನಿಸುತ್ತದೆ. ಪ್ಲಾಸ್ಟಿಕ್ ಸ್ಫುರಣ ಶೋಧಕಗಳು ಮತ್ತು ನಿಯಾನ್ ಮಿಂಚುನಳಿಗೆಗಳಿಂದ ರಚಿತವಾದ ಉಪಕರಣವು 1965ರಲ್ಲಿ ಈ ಕುರುಹನ್ನು ದಾಖಲಿಸಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್‌ರ ತಂಡವೂ ಸ್ವತಂತ್ರವಾಗಿ ಇದನ್ನೇ ಸಾಧಿಸಿತು. ನಿಸರ್ಗದಲ್ಲಿ ಉದ್ಭವಿಸಿದ ನ್ಯೂಟ್ರಿನೋಗಳ ಪ್ರಥಮ ದರ್ಶನ ಇವೆರಡರದೇ ಆದುದರಿಂದ, ಭೂಗರ್ಭ ಕಣಭೌತದ ಚರಿತ್ರೆಯಲ್ಲಿ ಕೋಲಾರದ ಸ್ಥಾನ ಅತ್ಯುನ್ನತವಾದುದು.

1980ರ ದಶಕದಲ್ಲಿ ಇಲ್ಲಿಯೇ 140 ಟನ್ ತೂಕದ ಕಬ್ಬಿಣದ ಶೋಧಕವನ್ನು ಸ್ಥಾಪಿಸಿ ಪ್ರೋಟಾನಿನ ಕ್ಷಯವನ್ನು ಅರಸಲಾಯಿತು. ಕ್ಷಯವೆಂದು ಸೂಚಿಸಲಾದ ಕೆಲವು ಘಟನೆಗಳನ್ನು ಅನ್ಯತ್ರ ನಡೆದ ಪ್ರಯೋಗಗಳು ಸಮರ್ಥಿಸಲಿಲ್ಲ. ಗಣಿಗಳು 2001ರಲ್ಲಿ ಮುಚ್ಚಿದುವು.